ಒಂದೇ ಹೊಡೆತದ ಅಭ್ಯಾಸ

2004ರ ಬೇಸಿಗೆ ರಜೆಯಲ್ಲಿ ಬೇಲೂರಿನ ಒಂದು ಹೆಂಚಿನ ಮನೆಯ ಹಜಾರದಿಂದ ಪ್ರತಿದಿನ ಬೆಳಗ್ಗೆ ಗಾಜಿನ ಸೀಸೆ ಉರುಳುವ ಸದ್ದು ಕೇಳಿಬರುತ್ತಿತ್ತು. ಮನೆಯ ಯಜಮಾನರು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಮೇಷ್ಟರು. ಮಗ ಬೆಂಗಳೂರಿನಲ್ಲಿ ಬಿ.ಕಾಂ. ಓದುತ್ತಿದ್ದವನು. ಊಟದ ಮೇಜಿನ ಮೇಲೆ ಖಾಲಿ ಶರಬತ್ತಿನ ಸೀಸೆಯೊಂದನ್ನು ಅಡ್ಡ ಮಲಗಿಸಿ, ಅದರ ಬಾಯೊಳಕ್ಕೆ ಉದ್ದನೆಯ ಮರದ ಕೋಲೊಂದರ ತುದಿಯನ್ನು ಅಂಚಿಗೆ ತಾಕದಂತೆ ತೂರಿಸುವುದು, ಹಿಂದಕ್ಕೆಳೆಯುವುದು, ಮತ್ತೆ ತೂರಿಸುವುದು, ಇಷ್ಟೇ ಅವನ ಕೆಲಸ. ಕೋಲು ಕೂದಲೆಳೆಯಷ್ಟು ವಾರೆಯಾದರೆ ಸೀಸೆ ಅಲುಗಿ ಉರುಳುತ್ತಿತ್ತು. ತಾಯಿ ಅದರಡಿಗೆ ಹಳೆಯ ಚಾಪೆಯೊಂದನ್ನು ಹಾಸಿಕೊಟ್ಟಿದ್ದರು. ಮೇಷ್ಟರು ಮಾತ್ರ ಪತ್ರಿಕೆಯಿಂದ ತಲೆಯೆತ್ತದೆ ಕುಳಿತಿರುತ್ತಿದ್ದರು.

ಅವರ ಮೌನಕ್ಕೆ ಕಾರಣವಿತ್ತು. ಅದರ ಹಿಂದಿನ ವರ್ಷ ಒಂದು ಸಂಜೆ ಅವರು ಮುನ್ಸೂಚನೆಯಿಲ್ಲದೆ ಬೆಂಗಳೂರಿಗೆ ಹೋದಾಗ ಮಗ ವಿದ್ಯಾರ್ಥಿನಿಲಯದಲ್ಲಿ ಇರಲಿಲ್ಲ. ಕೊಠಡಿಯ ಜೊತೆಗಾರ ಅವರನ್ನು ಒಂದು ಕಟ್ಟಡದ ನೆಲಮಾಳಿಗೆಗೆ ಕರೆದೊಯ್ದ. ಹೊಗೆ, ಮಬ್ಬು ಬೆಳಕು, ಹಸಿರು ಬಟ್ಟೆ ಹೊದೆಸಿದ ಮೇಜುಗಳು, ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಒಂದು ಮೇಜಿನ ಅಂಚಿನಲ್ಲಿ ನೂರರ ಎರಡು ನೋಟುಗಳು ಚಾಕ್ ತುಂಡಿನ ಕೆಳಗೆ ಇದ್ದುದನ್ನು ಮೇಷ್ಟರು ಕಂಡರು. ಆ ನೋಟುಗಳು ಮಗನ ಮೇಜಿನವಲ್ಲ, ಪಕ್ಕದ ಮೇಜಿನವು. ಆದರೂ ಸಪ್ತವ್ಯಸನಗಳ ಪಟ್ಟಿಯಲ್ಲಿ ಮೊದಲು ಬರುವುದೇ ದ್ಯೂತವೆಂದು ಬಾಲ್ಯದಿಂದ ಕೇಳಿ ಬೆಳೆದ ಮನೆತನಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿರಲಿಲ್ಲ. ಅಂದು ರಾತ್ರಿಯೇ ಅವರು ಬಸ್ಸು ಹತ್ತಿದರು.

ಮಗನ ಕಡೆಯಿಂದ ನೋಡಿದರೆ ಕಥೆ ಬೇರೆ. ಅವನಿಗೆ ಆಟ ಹಿಡಿಸಿದ್ದು ಹಣಕ್ಕಾಗಿ ಅಲ್ಲ, ಒಬ್ಬ ಮಾರ್ಕರನ ಕೈಯನ್ನು ನೋಡಿ. ಬಿಲಿಯರ್ಡ್ಸ್ ಕೊಠಡಿಗಳಲ್ಲಿ ಅಂಕ ಬರೆದು, ಚೆಂಡು ಜೋಡಿಸಿ, ಬಟ್ಟೆ ಗುಡಿಸುವವನಿಗೆ ನಮ್ಮ ದೇಶದಲ್ಲಿ ಆ ಹೆಸರು. ಇಂಥವರಲ್ಲಿ ಕೆಲವರು ಸದಸ್ಯರಿಗಿಂತ ಚೆನ್ನಾಗಿ ಆಡುತ್ತಾರೆ, ಆದರೆ ಅವರ ಹೆಸರು ಯಾವ ಫಲಕದ ಮೇಲೂ ಬರುವುದಿಲ್ಲ. ಆ ನೆಲಮಾಳಿಗೆಯ ಮಾರ್ಕರ್ ಐವತ್ತು ದಾಟಿದವನು, ಯಾವುದೋ ಕ್ಲಬ್ಬಿನಲ್ಲಿ ಕಾಲ ಕಳೆದು ಬಂದವನು. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಒಬ್ಬನೇ ಬಿಳಿ ಚೆಂಡನ್ನು ಎದುರಿನ ಕುಷನ್ನಿಗೆ ಹೊಡೆಯುತ್ತಿದ್ದ. ಚೆಂಡು ಹೋಗಿ ಹಿಂದಿರುಗಿ ಅವನು ಕದಲಿಸದೆ ಹಿಡಿದ ಕ್ಯೂವಿನ ತುದಿಗೇ ಬಂದು ತಾಕುತ್ತಿತ್ತು. ಮತ್ತೆ ಹೊಡೆದ, ಮತ್ತೆ ಬಂದಿತು. ಹುಡುಗ ಎಣಿಸಿದ. ಒಂಬತ್ತು ಸಲ ತಾಕಿತು, ಹತ್ತನೆಯದು ಬೆರಳಿನಷ್ಟು ಎಡಕ್ಕೆ ಸರಿಯಿತು. "ಅಣ್ಣ, ಹತ್ತನೆಯದು ಯಾಕೆ ತಪ್ಪಿತು?" ಎಂದು ಕೇಳಿದ. "ನೀನು ನೋಡ್ತಿದ್ದೀಯ ಅಂತ ಗೊತ್ತಾಯ್ತು, ಅದಕ್ಕೆ" ಎಂದನಂತೆ ಮಾರ್ಕರ್.

ಅಂದಿನಿಂದ ಹುಡುಗನಿಗೆ ಪಾಠ ಆರಂಭವಾಯಿತು. ಮೊದಲ ತಿಂಗಳು ಬಣ್ಣದ ಚೆಂಡುಗಳನ್ನು ಮುಟ್ಟಲು ಬಿಡಲಿಲ್ಲ. ಬಿಳಿ ಚೆಂಡು ಮತ್ತು ಎದುರಿನ ಕುಷನ್, ಅಷ್ಟೆ. ಹೊರಗಿನವರಿಗೆ ಇದು ಸುಲಭವೆನಿಸುತ್ತದೆ. ಚೆಂಡಿನ ನಡುಮಧ್ಯಕ್ಕೆ ಹೊಡೆದರೆ ಅದು ನೇರ ಹೋಗಿ ನೇರ ಬರುತ್ತದೆ, ನಡುವಿನಿಂದ ಒಂದೆರಡು ಮಿಲಿಮೀಟರು ಎಡಕ್ಕೋ ಬಲಕ್ಕೋ ತಾಕಿದರೆ ಚೆಂಡಿಗೆ ಅಡ್ಡ ಸುತ್ತು ಬರುತ್ತದೆ. ಆ ಸುತ್ತು ಹೋಗುವಾಗ ಕಣ್ಣಿಗೆ ಕಾಣದು, ಕುಷನ್ನಿಗೆ ತಾಕಿ ಹಿಂದಿರುಗುವಾಗ ಮಾತ್ರ ಬಯಲಾಗುತ್ತದೆ. ಹೊಡೆದವನು ಅಂದುಕೊಂಡದ್ದು ಒಂದು, ಅವನ ಕೈ ಮಾಡಿದ್ದು ಇನ್ನೊಂದು. ಮೇಜು ಆ ಎರಡರ ಅಂತರವನ್ನು ತೋರಿಸಿಕೊಡುತ್ತದೆ.

ಪೂಲ್ ಆಟದ ಚೆಂಡಿನ ವ್ಯಾಸ 57.15 ಮಿಲಿಮೀಟರು. ಒಂಬತ್ತು ಅಡಿಯ ಮೇಜಿನಲ್ಲಿ ಆಡುವ ಜಾಗ 254 ಸೆಂಟಿಮೀಟರು ಉದ್ದ, 127 ಅಗಲ. ಎರಡು ಮೀಟರು ದೂರದ ಚೆಂಡಿಗೆ ಗುರಿಯಿಟ್ಟವನ ದಿಕ್ಕು ಕೇವಲ ಒಂದು ಡಿಗ್ರಿ ತಪ್ಪಿದರೆ ಬಿಳಿ ಚೆಂಡು ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೂರೂವರೆ ಸೆಂಟಿಮೀಟರು ಆಚೆ ಇರುತ್ತದೆ, ಎಂದರೆ ಅರ್ಧ ಚೆಂಡಿಗಿಂತ ಹೆಚ್ಚು. ಆ ತಪ್ಪು ಎದುರಿನ ಚೆಂಡಿಗೆ ವರ್ಗವಾಗುವಾಗ ಮತ್ತೂ ಹಲವು ಪಟ್ಟು ಹಿಗ್ಗುತ್ತದೆ. ಹೀಗಾಗಿ ಗುರಿ ಹಿಡಿಯುವ ಕಣ್ಣಿಗಿಂತ ಕೋಲನ್ನು ಪ್ರತಿ ಸಲವೂ ಒಂದೇ ಗೆರೆಯಲ್ಲಿ ಒಯ್ಯುವ ಕೈಯೇ ಈ ಆಟದಲ್ಲಿ ಮುಖ್ಯ. ಕಣ್ಣು ಚುರುಕಾಗಿ ಕೈ ಅಸ್ಥಿರವಾದವನು ಇಂದು ಗೆಲ್ಲುತ್ತಾನೆ, ನಾಳೆ ಸೋಲುತ್ತಾನೆ, ಎರಡಕ್ಕೂ ಕಾರಣ ತಿಳಿಯದೆ ಹೋಗುತ್ತಾನೆ.

ಮಾರ್ಕರ್ ಕಲಿಸಿದ ಕ್ರಮ ಹೀಗಿತ್ತು. ಕಾಲುಗಳು ನೆಲದಲ್ಲಿ ಊರಿ ನಿಲ್ಲಬೇಕು, ಯಾರಾದರೂ ಹೆಗಲನ್ನು ಮೆಲ್ಲನೆ ತಳ್ಳಿದರೂ ಅಲುಗಬಾರದು. ಗಲ್ಲ ಕೋಲಿನ ಮೇಲಕ್ಕೆ ಇಳಿಯಬೇಕು. ಮುಂದಿನ ಕೈ ಬಟ್ಟೆಯ ಮೇಲೆ ಸೇತುವೆಯಂತೆ ಕೂರಬೇಕು. ಹಿಂದಿನ ಕೈಯಲ್ಲಿ ಮೊಣಕೈಯೇ ಗಡಿಯಾರದ ಲೋಲಕದ ಮೊಳೆ, ಮುಂಗೈ ಅದಕ್ಕೆ ತೂಗುಬಿದ್ದ ಗುಂಡು. ಕೋಲಿನ ತುದಿ ಚೆಂಡಿಗೆ ತಾಕುವ ಗಳಿಗೆಯಲ್ಲಿ ಮುಂಗೈ ನೆಲಕ್ಕೆ ಲಂಬವಾಗಿರಬೇಕು. ಮೇಲ್ತೋಳು ಕದಲಬಾರದು. ಹಿಡಿತ, ಪುಟ್ಟ ಹಕ್ಕಿಯೊಂದನ್ನು ಹಿಡಿದಂತೆ, ಹಾರಿಹೋಗಲೂ ಬಾರದು, ಅದಕ್ಕೆ ನೋಯಲೂ ಬಾರದು. (ಈ ಹೋಲಿಕೆ ಮಾರ್ಕರನದೇ. ಜೈನರ ಮನೆಯ ಹುಡುಗನಿಗೆ ಹೇಳುತ್ತಿದ್ದೇನೆಂದು ಅವನಿಗೆ ತಿಳಿದಿತ್ತೋ ಇಲ್ಲವೋ.) ಕೋಲನ್ನು ಹಿಂದಕ್ಕೆಳೆದ ಮೇಲೆ ಒಂದು ಕ್ಷಣ ನಿಲ್ಲಬೇಕು. ಅವಸರಪಡುವವರು ಬಿಟ್ಟುಬಿಡುವುದು ಈ ನಿಲುಗಡೆಯನ್ನೇ. ಅನಂತರ ಮುಂದಕ್ಕೆ, ಚೆಂಡನ್ನು ಹಾದು ಆಚೆಗೂ.

ಚೆಂಡನ್ನು ಹಾದು ಹೋಗುವ ಈ ಕೊನೆಯ ಭಾಗದಲ್ಲಿ ಒಂದು ಸೋಜಿಗವಿದೆ. ಕೋಲಿನ ತುದಿ ಚೆಂಡಿಗೆ ಅಂಟಿರುವುದು ಸುಮಾರು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ ಮಾತ್ರ. ಅಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ, ಆಮೇಲೆ ಕೋಲು ಎಲ್ಲಿಗೆ ಹೋದರೂ ಚೆಂಡಿಗೆ ಸಂಬಂಧವಿಲ್ಲ. ಹಾಗಿದ್ದರೆ ಎಲ್ಲ ಗುರುಗಳೂ ಕೋಲನ್ನು ನೇರವಾಗಿ ಮುಂದಕ್ಕೆ ಒಯ್ಯಿರೆಂದು ಏಕೆ ಹೇಳುತ್ತಾರೆ? ಮುಂದೆ ನೇರವಾಗಿ ಹೋಗುವ ಉದ್ದೇಶವಿಲ್ಲದ ಕೈ ತಾಕುವ ಮುನ್ನವೇ ಬಿಗಿಯತೊಡಗುತ್ತದೆ, ಅದಕ್ಕಾಗಿ. ಕೊನೆಯಲ್ಲಿ ಕೋಲು ನಿಂತ ಜಾಗ ಚೆಂಡನ್ನು ತಿದ್ದುವುದಿಲ್ಲ, ಚೆಂಡಿಗೆ ಮುಂಚೆ ಆದ ತಪ್ಪನ್ನು ಹೇಳುತ್ತದೆ.

ಅದೇ ವರ್ಷ, ಎಂದರೆ 2003ರಲ್ಲಿ, ಬೆಂಗಳೂರಿನ ಹದಿನೆಂಟು ವರ್ಷದ ಪಂಕಜ್ ಆಡ್ವಾಣಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದ. ಪತ್ರಿಕೆಗಳಲ್ಲಿ ಭಾವಚಿತ್ರ ಬಂದಿತು. ಪುಣೆಯಲ್ಲಿ ಹುಟ್ಟಿ, ಕುವೈತಿನಲ್ಲಿ ಕೆಲಕಾಲ ಕಳೆದು ಬೆಂಗಳೂರಿಗೆ ಬಂದ ಈ ಹುಡುಗ ಅಣ್ಣ ಆಡುವುದನ್ನು ನೋಡುತ್ತ ನೋಡುತ್ತ ಆಟಕ್ಕೆ ಇಳಿದವನು. ಅವನನ್ನು ತಿದ್ದಿದವರು ಹಿಂದೆ ರಾಷ್ಟ್ರಮಟ್ಟದ ಆಟಗಾರರಾಗಿದ್ದ ಅರವಿಂದ ಸವೂರ್. ಅವನು ಪದವಿ ಓದಿದ್ದು ಶ್ರೀ ಭಗವಾನ್ ಮಹಾವೀರ್ ಜೈನ್ ಕಾಲೇಜಿನಲ್ಲಿ ಎಂಬುದು ತಿಳಿದಾಗ ಬೇಲೂರಿನ ಮೇಷ್ಟರ ಮುಖದಲ್ಲಿ ಒಂದು ಬದಲಾವಣೆ ಕಂಡಿತೆಂದು ಅವರ ಮನೆಯವರು ನಗುತ್ತಾರೆ. ಅದಕ್ಕೂ ಮೊದಲು, 1958ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಬಿಲಿಯರ್ಡ್ಸ್ ಗೆದ್ದದ್ದೂ ಅವರಿಗೆ ನೆನಪಿತ್ತು. ಸ್ವತಂತ್ರ ಭಾರತದ ವ್ಯಕ್ತಿಯೊಬ್ಬ ಯಾವುದೇ ಕ್ರೀಡೆಯಲ್ಲಿ ವಿಶ್ವ ಚಾಂಪಿಯನ್ ಆದದ್ದು ಅದೇ ಮೊದಲು. ಆದರೆ ಜೋನ್ಸ್ ಆಡಿದ ಆಟಕ್ಕೂ ಚಾಕ್ ಕೆಳಗಿನ ನೋಟುಗಳಿಗೂ ಸಂಬಂಧವಿದೆಯೆಂದು ಅವರು ಎಂದೂ ಯೋಚಿಸಿರಲಿಲ್ಲ.

ಆ ಬೇಸಿಗೆಯಲ್ಲಿ ಹದಿನೈದು ದಿನ ಸೀಸೆಯ ಸದ್ದು ಕೇಳಿದ ಮೇಲೆ ಒಂದು ಬೆಳಗ್ಗೆ ಮೇಷ್ಟರು ಪತ್ರಿಕೆ ಮಡಿಸಿಟ್ಟು ಕುರ್ಚಿಯನ್ನು ಮೇಜಿನ ಬದಿಗೆ ಎಳೆದುಕೊಂಡರು. ಅರ್ಧ ಗಂಟೆ ಮಾತಾಡದೆ ನೋಡಿದರು. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಕೈಯಲ್ಲೇ ವೃತ್ತ ಬರೆದವರ ಕಣ್ಣು ಅದು.

"ಇಪ್ಪತ್ತು ಸಲ ಸರಿಯಾಗಿ ಹೋಗುತ್ತದೆ. ಆಮೇಲೆ ಒಂದು ಸಲ ಕೊನೆಯ ಗಳಿಗೆಯಲ್ಲಿ ನಿನ್ನ ಬೆರಳ ಗೆಣ್ಣು ಬೆಳ್ಳಗಾಗುತ್ತದೆ. ಆಗಲೇ ಸೀಸೆ ಉರುಳುವುದು. ಯಾಕೆ ಹಾಗೆ ಹಿಡಿದುಕೊಳ್ಳುತ್ತೀಯೆ?"

ಮಗ ಉತ್ತರ ಕೊಡಲಿಲ್ಲ. ಉತ್ತರ ಅವನಿಗೆ ಗೊತ್ತಿತ್ತು.

ಮರುದಿನ ಮೇಷ್ಟರು ಮಗನನ್ನು ಕರೆದುಕೊಂಡು ಹಳೇಬೀಡಿಗೆ ಹೊರಟರು. ಬೇಲೂರಿನಿಂದ ಹದಿನಾರು ಕಿಲೋಮೀಟರು. ಹೊಯ್ಸಳೇಶ್ವರಕ್ಕೆ ಬರುವ ಪ್ರವಾಸಿಗಳಲ್ಲಿ ನೂರಕ್ಕೆ ಹತ್ತು ಮಂದಿಯೂ ಪಕ್ಕದ ಬಸ್ತಿಹಳ್ಳಿಯ ಬಸದಿಗಳತ್ತ ತಿರುಗುವುದಿಲ್ಲವೆಂಬ ಕೊರಗು ಆ ಮನೆತನದ್ದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೂ ಅದು ಪೂರ್ತಿ ತೀರಿಲ್ಲ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪದೇವ, ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜನ ಮಗ, ತೀರಿಕೊಂಡ ತಂದೆಯ ನೆನಪಿಗಾಗಿ. ಯುದ್ಧದಲ್ಲಿ ಜಯ, ಅರಮನೆಯಲ್ಲಿ ಪುತ್ರಜನ್ಮ, ಇವುಗಳ ಸಂತೋಷದಲ್ಲಿ ರಾಜನು ಈ ಸ್ವಾಮಿಗೆ ವಿಜಯ ಪಾರ್ಶ್ವ ಎಂಬ ಹೆಸರಿಟ್ಟನೆಂದು ಶಾಸನ ತಿಳಿಸುತ್ತದೆ.

ಆದರೆ ಮೇಷ್ಟರು ತೋರಿಸಹೊರಟದ್ದು ಶಾಸನವನ್ನಲ್ಲ, ಒಳಗಿನ ಕಂಬಗಳನ್ನು. ಬಳಪದ ಕಲ್ಲಿನ ಆ ಕಂಬಗಳು ತಿರುಗಣೆಯಲ್ಲಿ ಕಡೆದಂಥವು. ಗಣಿಯಿಂದ ತೆಗೆದ ಹೊಸತರಲ್ಲಿ ಈ ಕಲ್ಲು ಮೆದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಕಂಬದ ಮೈಗೆ ಕೊಟ್ಟ ಹೊಳಪು ಒಂಬತ್ತು ಶತಮಾನ ಸಮೀಪಿಸಿದರೂ ಎದುರು ನಿಂತವರ ಆಕಾರವನ್ನು ಸಣ್ಣದಾಗಿ, ಉದ್ದುದ್ದವಾಗಿ ತೋರಿಸುತ್ತದೆ. ಮೇಷ್ಟರು ಕಂಬದ ಬಳೆಗಳ ಮೇಲೆ ಕಣ್ಣು ಹಾಯಿಸಲು ಹೇಳಿದರು. ಒಂದು ಬಳೆ ಇನ್ನೊಂದಕ್ಕಿಂತ ದಪ್ಪವಾಗಿಲ್ಲ, ಸುತ್ತಲೂ ಒಂದೇ ಆಳ. ತಿರುಗಣೆಯ ಕೆಲಸದಲ್ಲಿ ತಿರುಗುವುದು ಕಲ್ಲು, ಉಳಿ ನಿಂತಿರುತ್ತದೆ. ಉಳಿ ಹಿಡಿದವನ ಕೈ ಒಮ್ಮೆ ಬಿಗಿದರೆ ಗೆರೆ ಆಳವಾಗಿಬಿಡುತ್ತದೆ, ಕಲ್ಲಿನಲ್ಲಿ ಅದನ್ನು ಅಳಿಸಲು ಬರುವುದಿಲ್ಲ. "ಇದನ್ನು ಕಡೆದವನಿಗೂ ಮನೆಯಲ್ಲಿ ಏನಾದರೂ ಚಿಂತೆ ಇದ್ದೇ ಇತ್ತು. ಕೈಗೆ ಮಾತ್ರ ಬರಲು ಬಿಡಲಿಲ್ಲ" ಎಂದರು.

ಗರ್ಭಗುಡಿಯಲ್ಲಿ ಆಳೆತ್ತರವನ್ನು ಎಷ್ಟೋ ಮೀರಿದ ಪಾರ್ಶ್ವನಾಥರು ಕಾಯೋತ್ಸರ್ಗದಲ್ಲಿ ನಿಂತಿದ್ದರು. ದರ್ಶನ ಮುಗಿಸಿ ಹೊರಗಿನ ಕಟ್ಟೆಯ ಮೇಲೆ ಕುಳಿತಾಗ ಮಗ ಬಾಯಿಬಿಟ್ಟ.

ಆ ವರ್ಷದ ಆರಂಭದಲ್ಲಿ ಕಾಲೇಜುಗಳ ಹುಡುಗರ ನಡುವೆ ಒಂದು ಪಂದ್ಯ ನಡೆದಿತ್ತು. ಅಂಪೈರು ಇರಲಿಲ್ಲ. ಕೊನೆಯ ಆಟದಲ್ಲಿ ಕಪ್ಪು ಎಂಟನೆಯ ಚೆಂಡೊಂದೇ ಉಳಿದಿತ್ತು, ಸುಲಭವಾದ ಹೊಡೆತ. ಹೊಡೆಯುವ ಮುನ್ನ ಕೋಲನ್ನು ಮೆಲ್ಲಗೆ ಹಿಂದುಮುಂದು ಆಡಿಸಿ ಅಳತೆ ನೋಡುವುದು ರೂಢಿ. ಹಾಗೆ ಆಡಿಸುವಾಗ ತುದಿ ಬಿಳಿ ಚೆಂಡಿಗೆ ತಾಕಿತು. ಚೆಂಡು ಜಾಗ ಬಿಟ್ಟು ಸರಿಯಲಿಲ್ಲ, ನಡುಗಿತು ಅಷ್ಟೆ. ನಿಯಮದಂತೆ ಅದು ಫೌಲ್. ಬಿಳಿ ಚೆಂಡು ಎದುರಾಳಿಯ ಕೈಗೆ ಹೋಗಬೇಕು, ಅವನು ಬೇಕಾದಲ್ಲಿ ಇಟ್ಟು ಆಡಬಹುದು. ಬಿಲಿಯರ್ಡ್ಸ್, ಸ್ನೂಕರ್ ಆಟಗಳಲ್ಲಿ ಇಂಥ ತಪ್ಪನ್ನು ಯಾರೂ ಕಾಣದಿದ್ದರೂ ಆಡಿದವನೇ ಎದ್ದು ನಿಂತು ಹೇಳಿಕೊಳ್ಳುವುದು ಹಳೆಯ ಸಂಪ್ರದಾಯ. ಮಾರ್ಕರ್ ಮೊದಲ ದಿನವೇ ಹೇಳಿದ್ದ ಮಾತದು. ಹುಡುಗ ಹೇಳಲಿಲ್ಲ. ಅವನ ಬೆನ್ನ ಹಿಂದೆ ಗೆಳೆಯರು ಐದು ನೂರು ರೂಪಾಯಿ ಪಂಥ ಕಟ್ಟಿದ್ದರು. ಅವನು ಒಂದು ಕ್ಷಣ ತಡೆದ, ಹೊಡೆದ, ಗೆದ್ದ. ಆ ರಾತ್ರಿಯ ಊಟಕ್ಕೆ ಅವನಿಂದ ಹಣ ತೆಗೆದುಕೊಳ್ಳಲಿಲ್ಲ.

"ಅಪ್ಪಾಜಿ, ಆವತ್ತಿನಿಂದ ಕೋಲು ಚೆಂಡಿನ ಹತ್ತಿರ ಬಂದಾಗಲೆಲ್ಲ ಈಗ ತಾಕುತ್ತದೆ, ಈಗ ತಾಕುತ್ತದೆ ಅನಿಸುತ್ತದೆ. ಕೈ ತಾನಾಗಿ ಹಿಡಿದುಕೊಳ್ಳುತ್ತದೆ."

ಮೇಷ್ಟರು ಬೈಯಲಿಲ್ಲ. ತಪ್ಪನ್ನು ಗುರುವಿನೆದುರು ಮುಚ್ಚಿಡದೆ ಹೇಳುವುದಕ್ಕೆ ಆಲೋಚನೆ ಎಂಬ ಹೆಸರು ನಮ್ಮಲ್ಲಿ ಇದ್ದೇ ಇದೆ, ಆದರೆ ತಾನು ಗುರುವಲ್ಲ, ತನಗೆ ಹೇಳಿ ಫಲವೂ ಇಲ್ಲ ಎಂದರು. "ಯಾರ ಆಟವನ್ನು ತೆಗೆದುಕೊಂಡೆಯೋ ಅವನಿಗೆ ಹೇಳು."

ಕಾಗದ ಬರೆಯಲು ಹುಡುಗನಿಗೆ ನಾಲ್ಕು ದಿನ ಹಿಡಿಯಿತು. ಅಂಚೆಯ ಉತ್ತರ ಎರಡು ವಾರದ ಮೇಲೆ ಬಂದಿತು, ಒಂದೂವರೆ ಸಾಲಿನ ಕಾರ್ಡು. ಎದುರಾಳಿ ಅದನ್ನು ಅಂದೇ ಕಂಡಿದ್ದ. ಕೇಳಿದರೆ ಜಗಳವಾಗುತ್ತದೆಂದು ಸುಮ್ಮನಿದ್ದನಂತೆ. ಸಮಾಧಾನದ ಮಾತು ಅದರಲ್ಲಿ ಇರಲಿಲ್ಲ. ಕಾರ್ಡನ್ನು ಓದಿದ ದಿನ ಮೇಜಿನ ಮೇಲೆ ಸೀಸೆ ಇಡಲಿಲ್ಲ.

ಕೈ ಮರುದಿನವೇ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಒಮ್ಮೆ ಮೈಗೆ ಹತ್ತಿದ ಬಿಗಿತ ಮನಸ್ಸು ಹಗುರಾದ ಮಾತ್ರಕ್ಕೆ ಬಿಡುವುದಿಲ್ಲ. ಬೆಂಗಳೂರಿಗೆ ಹಿಂದಿರುಗಿ ಹುಡುಗ ಮತ್ತೆ ಬಿಳಿ ಚೆಂಡು ಮತ್ತು ಕುಷನ್ನಿಗೆ ಇಳಿದ. ಅಭ್ಯಾಸದ ಕಾಲವನ್ನು ಮಾತ್ರ ಮೇಷ್ಟರು ಗೊತ್ತುಮಾಡಿದ್ದರು, ಸಾಮಾಯಿಕಕ್ಕೆ ಹೇಳಿರುವಂತೆ ಎರಡು ಗಳಿಗೆ, ನಲವತ್ತೆಂಟು ನಿಮಿಷ, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇದು ಧರ್ಮಕ್ಕೆ ಆಟವನ್ನು ಗಂಟುಹಾಕುವುದಲ್ಲವೇ ಎಂದು ಬಸದಿಯ ಟ್ರಸ್ಟಿನ ಹಿರಿಯರೊಬ್ಬರು ಆಕ್ಷೇಪಿಸಿದಾಗ, ಗಡಿಯಾರಕ್ಕೆ ಮಾತ್ರ ಗಂಟುಹಾಕಿದ್ದೇನೆ ಎಂದರಂತೆ. ಹುಡುಗ ಪುಸ್ತಕವೊಂದರಲ್ಲಿ ದಿನವೂ ಹತ್ತು ಹೊಡೆತಗಳ ಲೆಕ್ಕ ಬರೆದಿಟ್ಟ. ಜುಲೈಯಲ್ಲಿ ಎರಡು, ಮೂರು. ದೀಪಾವಳಿಯ ಹೊತ್ತಿಗೆ ಆರು. ನಡುವೆ ಒಂದು ವಾರ ಒಂದೂ ಇಲ್ಲ, ಅದರ ಪಕ್ಕದಲ್ಲಿ 'ಪರೀಕ್ಷೆ' ಎಂದು ಬರೆದಿದೆ. ಮುಂದಿನ ವರ್ಷ ಎಂಟು. ಹತ್ತಕ್ಕೆ ಹತ್ತು ಎಂದೂ ಇಲ್ಲ.

ಇನ್ನೊಂದು ವಿವಾದ ಉಳಿದಿತ್ತು. ಸೋತವನು ಮೇಜಿನ ಬಾಡಿಗೆ ಕೊಡಬೇಕೆಂಬುದು ಪೂಲ್ ಮನೆಗಳ ಅಲಿಖಿತ ಕಾನೂನು. ಇದು ಜೂಜೇ? ಅಲ್ಲವೆಂದ ಮಗ. ಬಾಡಿಗೆ ಹೇಗೂ ಕೊಡಲೇಬೇಕಾದದ್ದು, ಗೆದ್ದವನಿಗೆ ಒಂದು ಪೈಸೆಯೂ ಸೇರುವುದಿಲ್ಲ ಎಂಬುದು ಅವನ ವಾದ. ಮೇಷ್ಟರು ಗಣಿತದವರು. ಗಂಟೆಗೆ ಅರವತ್ತು ರೂಪಾಯಿ ಬಾಡಿಗೆಯಾದರೆ ನ್ಯಾಯವಾಗಿ ಇಬ್ಬರಿಗೂ ಮೂವತ್ತು. ಸೋತವನು ಅರವತ್ತು ಕೊಟ್ಟರೆ ಗೆದ್ದವನ ಮೂವತ್ತನ್ನು ಅವನು ತೆತ್ತಂತಾಯಿತು. ಆ ಮೂವತ್ತು ಕೈಗೆ ಬಾರದಿದ್ದರೇನು, ಜೇಬಿನಿಂದ ಹೋಗದೆ ಉಳಿಯಿತಲ್ಲ. ಮಗನಿಗೆ ಎದುರುಮಾತು ಹೊಳೆಯಲಿಲ್ಲ. ಅಂದಿನಿಂದ ಅವನು ಅರ್ಧ ಬಾಡಿಗೆಯನ್ನು ಆಟಕ್ಕೆ ಮೊದಲೇ ಕೊಡತೊಡಗಿದ. ಇದರಿಂದ ಒಂದಿಬ್ಬರು ಅವನೊಡನೆ ಆಡುವುದನ್ನು ಬಿಟ್ಟರು. ಆಟದಲ್ಲಿ ಏನೂ ಇಲ್ಲದಿದ್ದರೆ ರುಚಿಯೆಲ್ಲಿ ಎಂಬುದು ಅವರ ಆಕ್ಷೇಪ. ಅದೂ ಸುಳ್ಳಲ್ಲ. ಏನೂ ಇಲ್ಲದ ಆಟವನ್ನು ಒಂದೇ ಶ್ರದ್ಧೆಯಿಂದ ಆಡುವುದು ಪಂಥದ ಆಟಕ್ಕಿಂತ ಕಷ್ಟ.

ಮೇಷ್ಟರು ಓದಿಕೊಂಡವರಾದುದರಿಂದ ಚೆಂಡುಗಳ ಚರಿತ್ರೆಯನ್ನೂ ಕೆದಕಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಒಳ್ಳೆಯ ಚೆಂಡುಗಳೆಲ್ಲ ಆನೆಯ ದಂತದವು, ಒಂದು ದಂತದಿಂದ ಸಿಗುತ್ತಿದ್ದುದು ಬೆರಳೆಣಿಕೆಯಷ್ಟು. ದಂತದ ಕೊರತೆಗೆ ಹೆದರಿ ನ್ಯೂಯಾರ್ಕಿನ ಕಂಪನಿಯೊಂದು 1860ರ ದಶಕದಲ್ಲಿ ಬದಲಿ ವಸ್ತುವಿಗೆ ಹತ್ತು ಸಾವಿರ ಡಾಲರುಗಳ ಬಹುಮಾನ ಸಾರಿತು. ಆ ಹುಡುಕಾಟದಲ್ಲಿ ಜಾನ್ ವೆಸ್ಲಿ ಹಯಟ್ ಎಂಬಾತ ಸೆಲ್ಯುಲಾಯ್ಡ್ ಮಾಡಿದ. ಇಂದಿನ ಚೆಂಡುಗಳು ಫೀನಾಲಿಕ್ ರಾಳದವು. ಆನೆಗಳ ಮೇಲಿನ ಕರುಣೆಯಿಂದ ಆದದ್ದಲ್ಲ ಇದು, ವ್ಯಾಪಾರದ ಲೆಕ್ಕಾಚಾರ. ಆದರೂ ಮನೆಯೊಳಗೆ ಚೆಂಡು ಬರಲು ಅಡ್ಡಿಯಿಲ್ಲವೆಂದು ಮೇಷ್ಟರು ತೀರ್ಮಾನಿಸಿದರು.

ತೊಡಕು ಬಂದದ್ದು ಕೋಲಿನ ತುದಿಯಲ್ಲಿ. ಚೆಂಡಿಗೆ ತಾಕುವ ಆ ಪುಟ್ಟ ಬಿಲ್ಲೆ ಚರ್ಮದ್ದು, ಸಾಮಾನ್ಯವಾಗಿ ಎಮ್ಮೆಯದೋ ಹಂದಿಯದೋ. ಗಟ್ಟಿ ಫೀನಾಲಿಕ್ ತುದಿಗಳಿವೆ, ಆದರೆ ಅವು ಆಟದ ಮೊದಲ ಹೊಡೆತಕ್ಕೆ ಸರಿ, ಚೆಂಡಿಗೆ ಸುತ್ತು ಕೊಡುವ ನಯವಾದ ಹೊಡೆತಕ್ಕೆ ಹಿಡಿತವಿಲ್ಲ. ಚಾಕ್ ಪುಡಿ ಕೂರುವುದೂ ಚರ್ಮದ ಮೇಲೆಯೇ. ಮಗ ಈ ಮಾತನ್ನು ತಾನಾಗಿಯೇ ಮನೆಯಲ್ಲಿ ಹೇಳಿದ, ಯಾರೂ ಕೇಳಿರಲಿಲ್ಲ. ತಾಯಿ ಕೋಲನ್ನು ಒಂದು ಸಲ ನೋಡಿದರು, ಊಟದ ಮೇಜನ್ನು ಒಂದು ಸಲ ನೋಡಿದರು.

ಆಡ್ವಾಣಿ 2024ರ ನವೆಂಬರಿನಲ್ಲಿ ದೋಹಾದಲ್ಲಿ ಇಪ್ಪತ್ತೆಂಟನೆಯ ವಿಶ್ವ ಪ್ರಶಸ್ತಿ ಗೆದ್ದ ಸುದ್ದಿ ಬಂದಾಗ ಮೇಷ್ಟರಿಗೆ ಎಂಬತ್ತು ದಾಟಿತ್ತು. ಮಗ ಲೆಕ್ಕಪತ್ರದ ವೃತ್ತಿ ಹಿಡಿದು ಹಾಸನದಲ್ಲಿ ನೆಲೆಸಿದ್ದಾನೆ, ಯಾವ ಪ್ರಶಸ್ತಿಯನ್ನೂ ಗೆದ್ದಿಲ್ಲ. ಭಾನುವಾರಗಳಲ್ಲಿ ಬೇಲೂರಿಗೆ ಬಂದಾಗ ಕೋಲಿನ ಉದ್ದನೆಯ ಚೀಲವನ್ನು ಜಗುಲಿಯ ಮೂಲೆಯಲ್ಲಿ, ಚಪ್ಪಲಿಗಳ ಪಕ್ಕಕ್ಕೆ, ಒರಗಿಸಿಯೇ ಒಳಗೆ ಬರುತ್ತಾನೆ. ಸೀಸೆ ಮತ್ತು ಹಳೆಯ ಚಾಪೆ ಈಗ ಅಲ್ಲಿಯೇ ಇವೆ. ಮೇಷ್ಟರು ಕುರ್ಚಿಯನ್ನು ಹೊರಗೆ ಹಾಕಿಸಿಕೊಂಡು, ಗಡಿಯಾರ ನೋಡಿ, ಗೆಣ್ಣುಗಳತ್ತ ಕಣ್ಣು ನೆಡುತ್ತಾರೆ.